ಕೈಟ್‌ನಿಂದ ಹೈಟ್‌ವರೆಗೆ

ಜಯಕ್ಕ ಹೆಡ್‌ಮಾಸ್ಟರ ಕೋಣೆಯ ಕಸದ ಬುಟ್ಟಿಯನ್ನು ಗೋಣಿಚೀಲಕ್ಕೆ ಬೋರಲು ಹಾಕುತ್ತಿದ್ದಳು. ಕಂದು ಬಣ್ಣದ ಕವರೊಂದು ಕೈಗೆ ಬಂತು. ಬೆರಳಿಗೆ ಏನೋ ಚುಚ್ಚಿತು. ಕನ್ನಡಕ ಏರಿಸಿ ನೋಡಿದಳು. ಕವರಿನ ಬಾಯಿಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳು.

ಅವಳು ಬುಟ್ಟಿ ಕೆಳಗಿಟ್ಟಳು.

ಗುರುವಾರ ಬೆಳಿಗ್ಗೆ ಆ ಕವರಿಗೆ ಗೋಂದು ಹಚ್ಚಿದವಳು ಅವಳೇ. ಇಂಗ್ಲಿಷ್ ಮೇಷ್ಟ್ರು ದಯಾನಂದ ಒಳಗೊಂದು ಚೀಟಿ ಇಟ್ಟು ಕೊಟ್ಟಿದ್ದರು. ಅದರಲ್ಲಿ ಸ್ಪರ್ಧೆಯ ಗುಟ್ಟಿನ ಪದ. ಶುಕ್ರವಾರ ಹೆಡ್‌ಮಾಸ್ಟರು ಎಲ್ಲರೆದುರು ಕವರಿನ ಪಕ್ಕವನ್ನು ಹರಿದು ಪದ ಓದಿದ್ದರು: ‘ಲೈಟ್’. ಹತ್ತನೇ ಕ್ಲಾಸಿನ ಮಕ್ಕಳು ಅದಕ್ಕೆ ಪೂರ್ತಿ ಹೊಂದುವ ಪ್ರಾಸಗಳನ್ನು ಒಂದು ಕಡೆ, ಹತ್ತಿರದ ಪ್ರಾಸಗಳನ್ನು ಇನ್ನೊಂದು ಕಡೆ ಬರೆಯಬೇಕಿತ್ತು. ‘ನೈಟ್’ ಪೂರ್ತಿ ಪ್ರಾಸ. ‘ಲೈಫ್’ ಹತ್ತಿರದ್ದು.

ಇವತ್ತು ಶನಿವಾರ. ಕವರು ಬುಟ್ಟಿಯಲ್ಲಿ.

"ಸಾರ್, ಇದನ್ನ ಯಾರೋ ಬಿಚ್ಚಿ ಮತ್ತೆ ಅಂಟಿಸ್ಯಾರೆ."

ಹೆಡ್‌ಮಾಸ್ಟರು ಮರುಳಸಿದ್ದಪ್ಪ ಕವರು ಇಸಿದುಕೊಂಡರು. "ನೀನು ಹಚ್ಚಿದ್ದು ಗೋಂದಲ್ವೇನಮ್ಮ?"

"ಗೋಂದೇ. ಅನ್ನ ಯಾಕೆ ಹಚ್ಚಲಿ ಸಾರ್? ಹೊಟ್ಟೆಗಾದ್ರೂ ಆಗ್ತೈತೆ."

ಅರ್ಧ ಗಂಟೆಯೊಳಗೆ ಮಕ್ಕಳ ಚೀಲಗಳನ್ನೆಲ್ಲ ಜಾಲಾಡಿದರು. ಮೊದಲ ಬಹುಮಾನ ಗೆದ್ದ ಮೋನಿಕಾಳ ಕನ್ನಡ ನೋಟ್‌ಬುಕ್ಕಿನಲ್ಲಿ ಒಂದು ಮಡಚಿದ ಹಾಳೆ ಸಿಕ್ಕಿತು. ಹೆಸರಿಲ್ಲ. ದೊಡ್ಡಕ್ಷರದ ಇಂಗ್ಲಿಷಿನಲ್ಲಿ ‘ಲೈಟ್’ಗೆ ಪ್ರಾಸಗಳ ಪಟ್ಟಿ.

"ನಂಗೊತ್ತಿಲ್ಲ ಸಾರ್. ಆ ನೋಟ್‌ಬುಕ್ ನಾನು ತೆಗದೇ ಇಲ್ಲ," ಎಂದಳು ಮೋನಿಕಾ. ಅವಳು ಚಿಕ್ಕಜಾಜೂರಿನ ರೈಲ್ವೆ ಗ್ಯಾಂಗ್‌ಮನ್ನಿನ ಮಗಳು.

ದಯಾನಂದ ನಕ್ಕರು. ಬಹುಮಾನ ರದ್ದಾಯಿತು. ಅಷ್ಟೇ ಆಗಿದ್ದರೆ ಜಯಕ್ಕ ಸುಮ್ಮನಿರುತ್ತಿದ್ದಳೇನೋ. ಆದರೆ ಚಿತ್ರದುರ್ಗದ ವಸತಿ ಕಾಲೇಜೊಂದರಲ್ಲಿ ಮೋನಿಕಾಳಿಗೆ ಉಚಿತ ಸೀಟು ಸಿಗುವುದಿತ್ತು. ಅದಕ್ಕೆ ಹೆಡ್‌ಮಾಸ್ಟರ ಪತ್ರ ಬೇಕು. ಪತ್ರ ಟೈಪಾಗಿ ಮೇಜಿನ ಮೇಲಿತ್ತು. ಸಹಿ ಬೀಳಲಿಲ್ಲ.

"ಕಳ್ಳಿಗೆ ಹೆಂಗಮ್ಮ ಬರ್ಕೊಡ್ಲಿ?" ಎಂದರು ಮರುಳಸಿದ್ದಪ್ಪ.

* * *

ಹನ್ನೊಂದು ದಿನ ಕಳೆಯಿತು. ಪತ್ರ ಮುಟ್ಟಬೇಕಾದ ಕಡೆಯ ದಿನಕ್ಕೆ ಇನ್ನು ಎರಡೇ ದಿನ.

ಜಯಕ್ಕನಿಗೆ ಬೆಲ್ ಹೊಡೆಯುವುದೂ ಮರೆಯತೊಡಗಿತು. ಕವರು ತೋರಿಸಿದ್ದು ತಾನು. ಹುಡುಗಿಯ ಓದಿಗೆ ಕಲ್ಲು ಬಿದ್ದದ್ದು ತನ್ನಿಂದ.

ಕವರು ಇಟ್ಟಿದ್ದ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಬರುವವರು ನಾಲ್ಕೇ ಜನ. ಹೆಡ್‌ಮಾಸ್ಟರು, ದಯಾನಂದ, ಕನ್ನಡ ಮೇಷ್ಟ್ರು ಏಕಾಂತಪ್ಪ, ಮತ್ತೆ ತಾನು. ಅನ್ನದ ಜಾಡು ಹಿಡಿಯೋಣವೆಂದರೆ ಗುರುವಾರದ ಬಿಸಿಯೂಟದ ಅನ್ನವನ್ನು ಇಡೀ ಶಾಲೆ ಉಂಡಿತ್ತು. ಅಷ್ಟು ಇಂಗ್ಲಿಷು ಬರುವವರು ದಯಾನಂದ. ಆದರೆ ಪದ ಕೊಟ್ಟವರೇ ಅವರು, ಕವರು ಬಿಚ್ಚುವ ಕೆಲಸ ಅವರಿಗೇನು? ಏಕಾಂತಪ್ಪನವರೋ, ಕಾಪಿ ಹೊಡೆದ ಮಕ್ಕಳನ್ನು ಮೂವತ್ತು ವರ್ಷದಿಂದ ಬೆಂಚಿನ ಮೇಲೆ ನಿಲ್ಲಿಸಿದವರು. ಹಾಗಾದರೆ ಹುಡುಗಿಯೇ ಕದ್ದಳೇ? ಕದ್ದವಳು ಹಾಳೆಯನ್ನು ಎರಡು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಾಳೆಯೇ? ಯಾವ ಕಡೆಯಿಂದ ಎಳೆದರೂ ಗಂಟು ಬಿಗಿಯಾಗುತ್ತಿತ್ತು.

ಜಗಲಿಯಲ್ಲಿ ಮೋನಿಕಾ ಕೂತು ಬರೆಯುತ್ತಿದ್ದಳು. ಆ ಪಟ್ಟಿಯನ್ನೇ ಐವತ್ತು ಸಲ ಬರೆಯಬೇಕೆಂದು ದಯಾನಂದ ಶಿಕ್ಷೆ ಕೊಟ್ಟಿದ್ದರು.

"ಏನೇ ಬರ್ದಿರೋದು ಅದ್ರಾಗೆ? ಓದು ಕೇಳಾಣ."

"ಕೈಟ್, ಟೈಟ್, ನೈಟ್, ಫೈಟ್, ಬೈಟ್, ಮೈಟ್, ರೈಟ್, ವೈಟ್, ಸೈಟ್, ಹೈಟ್."

"ಸೈಟು, ಫೈಟು, ಟೈಟು! ಹಂಗಾದ್ರೆ ನಾನೂ ದಿನಾ ಇಂಗ್ಲಿಷೇ ಮಾತಾಡ್ತಿದೀನಿ ಅನ್ನು."

ಎಷ್ಟೋ ದಿನದ ಮೇಲೆ ಮೋನಿಕಾ ನಕ್ಕಳು. "ಇವು ಹತ್ತಿರದವು. ಗೈಡ್, ಟೈಮ್, ನೈಫ್, ಫೈವ್, ಬೈಕ್, ಮೈಕ್, ರೈಸ್, ಲೈಫ್, ವೈಫ್, ಸೈಡ್, ಹೈಡ್."

ಜಯಕ್ಕನ ಪೊರಕೆ ನಿಂತಿತು. ನಲವತ್ತೆಂಟನೇ ವಯಸ್ಸಿನಲ್ಲಿ ರಾತ್ರಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ತಾನಾಗಿ ನಾಲಿಗೆಗೆ ಬಂತು.

"ಇನ್ನೊಂದು ಸಲ ಓದು. ನಿಧಾನಕ್ಕೆ."

ಮೋನಿಕಾ ಓದಿದಳು. ಜಯಕ್ಕ ಬೆರಳು ಮಡಚುತ್ತಾ ಹೋದಳು.

"ನೀನು ಸ್ಪರ್ಧೇಲಿ ಪದ ಹುಡುಕಿದ್ದು ಹೆಂಗೆ?"

"ದಯಾನಂದ ಸಾರ್ ಹೇಳ್ಕೊಟ್ಟಂಗೆ. ಎ ಬಿ ಸಿ ಹಿಡ್ಕಂಡು ಹೋಗಾದು. ಬೈಟ್, ಬ್ರೈಟ್, ಫೈಟ್, ಫ್ಲೈಟ್, ಹೈಟ್..."

"ಏಳೇ ಮ್ಯಾಕೆ," ಎಂದಳು ಜಯಕ್ಕ. "ಬರೆದದ್ದು ಸಾಕು."

* * *

ಮೂರು ಲೋಟ ಚಹಾ ಹಿಡಿದು ಜಯಕ್ಕ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಮೂವರೂ ಅಲ್ಲಿದ್ದರು. ಮೋನಿಕಾಳನ್ನು ಬಾಗಿಲಲ್ಲಿ ನಿಲ್ಲಿಸಿದಳು.

"ದಯಾನಂದ ಸಾರ್, ‘ಬಾಲ್’ ಅನ್ನಾದಕ್ಕೆ ಪ್ರಾಸ ಏನೇನು ಅವೆ?"

"ಏನಜ್ಜಿ, ನೀನೂ ಸ್ಪರ್ಧೆಗೆ ಬರ್ತೀಯಾ? ಕಾಲ್, ಫಾಲ್, ಹಾಲ್, ಮಾಲ್, ಟಾಲ್, ವಾಲ್. ಸಾಕಾ?"

"ಏಕಾಂತಪ್ಪ ಮೇಷ್ಟ್ರೇ, ಈಗ ನೀವು. ಅವರು ಬಿಟ್ಟಿದ್ದು ಏನಾರ ಐತಾ ನೋಡ್ರಿ."

ಏಕಾಂತಪ್ಪ ಹೆಬ್ಬೆರಳಿಂದ ಬೆರಳಗಿಣ್ಣು ಎಣಿಸುತ್ತಾ ಗೊಣಗಿದರು. "ಕಾಲ್... ಟಾಲ್... ಫಾಲ್... ಮಾಲ್... ವಾಲ್... ಹಾಲ್."

"ಅದೇ ಆರು ಪದ," ಎಂದಳು ಜಯಕ್ಕ. "ಸಾಲು ಮಾತ್ರ ಬೇರೆ."

ಅವಳು ಹೆಡ್‌ಮಾಸ್ಟರ ಕಡೆ ತಿರುಗಿದಳು.

"ಸಾರ್, ಆ ಪಟ್ಟಿ ತೆಗೀರಿ. ಕ, ಟ, ನ, ಫ, ಬ, ಮ, ರ, ವ, ಸ, ಹ. ಹತ್ತಿರದ ಪ್ರಾಸಾನೂ ಹಂಗೇ, ಗ ದಿಂದ ಹ ತನಕ. ಒಂದೂ ಸಾಲು ತಪ್ಪಿಲ್ಲ. ಬರೆದ ಅಕ್ಷರ ಇಂಗ್ಲಿಷು, ಹುಡುಕಿದ ತಲೆ ಕನ್ನಡದ್ದು."

"ಇವಳೂ ಏಳನೇ ಕ್ಲಾಸಿನ ತನಕ ಕನ್ನಡ ಮೀಡಿಯಮ್ಮೇ," ಎಂದರು ದಯಾನಂದ.

"ಏನೇನು ಬರ್ದೆ ಅಂತ ಇವಳು ನಂಗೆ ಹೇಳ್ಯಾಳೆ, ಉತ್ತರದ ಹಾಳೆ ತೆಗೆದು ನೋಡ್ರಿ. ಎ ಬಿ ಸಿ ಸಾಲು, ನೀವೇ ಕಲಿಸಿದ್ದು. ಪಟ್ಟೀಲಿ ಇಲ್ಲದ ಬ್ರೈಟ್, ಫ್ಲೈಟ್ ಇದ್ರಾಗೆ ಅವೆ. ಪಟ್ಟೀಲಿರೋ ನೈಫ್, ವೈಫ್ ಇಲ್ಲ. ಕದ್ದೋಳು ಕದ್ದಿದ್ದನ್ನೇ ಬಿಟ್ಟು ಬರೀತಾಳಾ? ಆಮೇಲೆ ಆ ಪಟ್ಟಿ ಸಿಕ್ಕಿದ್ದು ಕನ್ನಡ ನೋಟ್‌ಬುಕ್ಕಿನಾಗೆ. ಗುರುವಾರ ಸಂಜೆ ಅದನ್ನ ತಿದ್ದಿ ವಾಪಸ್ ಕೊಟ್ಟೋರು ಯಾರು?"

ಏಕಾಂತಪ್ಪ ಲೋಟವನ್ನು ಮೇಜಿನ ಮೇಲಿಟ್ಟರು.

"ನಾನೇ," ಎಂದರು. "ಗ್ಯಾಂಗ್‌ಮನ್ ಮಗಳಿಗೆ ಇಂಗ್ಲಿಷ್ ಪ್ರಾಸ ಎಲ್ಲಿಂದ ಬರ್ತೈತೆ ಅಂತ ಸ್ಟಾಫ್ ರೂಮಿನಾಗೆ ದಯಾನಂದ ಆಡ್ಕಂಡು ನಕ್ಕಿದ್ರು. ಮಗಾ ಸೋತುಬಿಡುತ್ತೇನೋ ಅಂತ ಹೆದರಿದೆ. ಊಟದ ಹೊತ್ತಿನಾಗೆ ಕವರು ಬಿಚ್ಚಿ, ಅನ್ನದಗುಳಿಂದ ಅಂಟಿಸಿ, ಪಟ್ಟಿ ಬರ್ದು ಇವಳ ನೋಟ್‌ಬುಕ್ಕಿನಾಗೆ ಇಟ್ಟೆ. ಇವಳು ಸಿಕ್ಕಿಬಿದ್ದಾಗ ಬಾಯಿ ಬಿಡಬೇಕು ಅಂತ ಮೂರು ಸಲ ಈ ಬಾಗಿಲ ತನಕ ಬಂದೆ ಸಾರ್. ಕಾಪಿ ಹೊಡೀಬೇಡಿ ಅಂತ ಮೂವತ್ತು ವರ್ಷ ಹೇಳಿದ ಬಾಯಿ ಇದು. ತೆರೀಲೇ ಇಲ್ಲ."

ಮೋನಿಕಾ ಅವರನ್ನೇ ನೋಡಿದಳು. "ನಾನು ಗೆಲ್ತೀನಿ ಅಂತ ನಿಮಗೂ ಅನ್ನಿಸಲಿಲ್ಲವಾ ಸಾರ್?"

ಏಕಾಂತಪ್ಪ ತಲೆ ತಗ್ಗಿಸಿದರು. ದಯಾನಂದರೂ ಕಿಟಕಿಯ ಕಡೆ ತಿರುಗಿದರು.

ಮರುಳಸಿದ್ದಪ್ಪ ಪತ್ರ ಎಳೆದುಕೊಂಡು ಸಹಿ ಹಾಕಿದರು. "ಇವಳು ಕಳ್ಳಿ ಅಂತ ದಯಾನಂದ ಆಗ್ಲೇ ಆ ಕಾಲೇಜಿಗೆ ಫೋನು ಮಾಡಿಬಿಟ್ಟವ್ರೆ. ನನ್ನ ಸಹಿ ಒಂದೇ ಸಾಲದು. ನಡೆದದ್ದನ್ನ ನೀವೇ ಬರೀರಿ ಏಕಾಂತಪ್ಪ ಮೇಷ್ಟ್ರೇ. ಇದರ ಜತೆ ಹೋಗಲಿ. ಮಿಕ್ಕಿದ್ದು ಇಲಾಖೆಗೆ ಬಿಟ್ಟಿದ್ದು."

* * *

ಹೊಳಲ್ಕೆರೆಯ ಅಂಚೆ ಕಚೇರಿಯಲ್ಲಿ ಕೌಂಟರು ಮುಚ್ಚಲು ಹತ್ತು ನಿಮಿಷವಿತ್ತು. ಏಕಾಂತಪ್ಪ ಏದುಸಿರು ಬಿಡುತ್ತಾ ಪತ್ರವನ್ನು ಒಳಗೆ ತಳ್ಳಿದರು. ಹಿಂದೆ ಜಯಕ್ಕ, ಮೋನಿಕಾ.

"ಸ್ಪೀಡ್ ಪೋಸ್ಟು. ನಾಡಿದ್ದರೊಳಗೆ ಚಿತ್ರದುರ್ಗ ಮುಟ್ಟಬೇಕು."

"ನಾಳೇನೇ ಮುಟ್ತೈತೆ ಬಿಡ್ರಿ," ಎಂದಳು ಗುಮಾಸ್ತೆ. "ಕಳಿಸೋರ ಹೆಸರು ಬರೆದೇ ಇಲ್ಲವಲ್ಲ?"

ಏಕಾಂತಪ್ಪ ಪತ್ರವನ್ನು ವಾಪಸ್ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು, ತಮ್ಮ ದುಂಡನೆಯ ಕನ್ನಡ ಅಕ್ಷರದಲ್ಲಿ, ಪೂರ್ತಿ ಹೆಸರು ಬರೆದುಕೊಟ್ಟರು.

ಗುಮಾಸ್ತೆ ಮುದ್ರೆ ಒತ್ತಿದಳು.