ಕೊನೆಯ ಸಾಲಿನ ಅಳತೆ

"ಎರಡು ದಿನ ಬಿಟ್ಟು ತಗೊಂಡು ಹೋಗಿ ಅಕ್ಕಾ," ಎಂದ ಹಳೆಯ ಕಂಪ್ಯೂಟರ್ ಮಾರುವವನು. "ಹಿಂದಿನವರದ್ದು ಏನೋ ಒಳಗೆ ಉಳ್ಕೊಂಡಿದೆ. ಮೂರು ಸಲ ಅಳಿಸಿದೆ, ಮೂರು ಸಲವೂ ವಾಪಸ್ ಬಂತು. ಡಿಸ್ಕನ್ನೇ ಬದಲಾಯಿಸಿ ಕೊಡ್ತೀನಿ. ಅಲ್ಲೀವರೆಗೂ ಇದಕ್ಕೆ ಯಾರ ಹೆಸರೂ ಕೊಡಬೇಡಿ."

"ಹೆಸರು ಕೊಟ್ರೆ ನುಂಗಿಬಿಡುತ್ತಾ?" ಟೈಲರಮ್ಮ ನಕ್ಕಳು. "ನಾನೇನು ಬ್ಯಾಂಕು ನಡೆಸ್ತೀನಾ? ಯಾರ ಸೊಂಟ ಎಷ್ಟು ಇಂಚು ಅಂತ ಕದ್ದು ಯಾರು ಉದ್ಧಾರ ಆಗ್ತಾರೆ?"

ಅವನು ನಗಲಿಲ್ಲ. ಅವಳು ಅದನ್ನು ಗಮನಿಸಲೂ ಇಲ್ಲ. ಶಾಲೆ ತೆರೆಯುವ ಕಾಲ, ಯೂನಿಫಾರಂಗಳ ರಾಶಿ ಕತ್ತಿನವರೆಗೆ ಬಂದಿತ್ತು. ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಮನೆ ಮುಟ್ಟಿದಳು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಮೆಟ್ಟಿಲ ಕೆಳಗೆ ಇದ್ದುದರಿಂದ ನಡುಹಗಲಲ್ಲೂ ದೀಪ ಬೇಕು. ಗಂಡ ತೀರಿಕೊಂಡ ಮೇಲೆ ಅವಳೂ ಅತ್ತೆಯೂ ಸೇರಿ ಅದನ್ನು ನಡೆಸುತ್ತಿದ್ದರು. ಬೀದಿಗೆಲ್ಲ ಅವಳು ಟೈಲರಮ್ಮ. ಅವಳ ನಿಜವಾದ ಹೆಸರು ಬೋರ್ಡಿನಲ್ಲೂ ಇರಲಿಲ್ಲ.

ಅತ್ತೆಯ ಅಳತೆ ಪುಸ್ತಕದಲ್ಲಂತೂ ಯಾರ ಹೆಸರೂ ಇರಲಿಲ್ಲ. 'ಉದ್ದ ಮೂಗು', 'ಕೆಮ್ಮುವ ಮಾಸ್ತರು', 'ಬಲಹೆಗಲು ತಗ್ಗು' ಎಂದು ಅಡ್ಡಹೆಸರುಗಳೇ. ಅದೂ ಸಾಲದೆಂಬಂತೆ ಪ್ರತಿಯೊಬ್ಬರದೂ ಒಂದೊಂದು ಅಳತೆ ಬಿಟ್ಟಿರುತ್ತಿದ್ದರು. ಅದು ಅತ್ತೆಯ ತಲೆಯಲ್ಲಿ ಮಾತ್ರ ಇತ್ತು.

"ಪೂರ್ತಿ ಮನುಷ್ಯ ಒಂದೇ ಹಾಳೆಯಲ್ಲಿ ಸಿಗಬಾರದು ಕಣೇ," ಎಂದರು ಅತ್ತೆ, ಯಂತ್ರವನ್ನು ಮುಟ್ಟದೆ ದೂರದಿಂದಲೇ ನೋಡುತ್ತ. "ಹೆಸರು, ಮುಖ, ಮೈಯಳತೆ ಮೂರೂ ಸಿಕ್ಕರೆ ಇನ್ನೇನು ಬಾಕಿ? ಮಾಟ ಮಾಡೋರು ಇದಕ್ಕೇ ತಾನೇ ಬಾಯಿ ಬಿಡೋದು?"

"ಅತ್ತೇ, ಮಾಟ ಮಾಡೋರಿಗೂ ಈಗ ಪುರುಸೊತ್ತಿಲ್ಲ," ಎಂದು ಅವಳು ಮೂಗು ಮುರಿದಳು.

ಐದು ದಿನ ಕೂತು ಇನ್ನೂರ ಹನ್ನೆರಡು ಗಿರಾಕಿಗಳನ್ನು ಅದರಲ್ಲಿ ತುಂಬಿದಳು. ಪೂರ್ತಿ ಹೆಸರು, ಫೋನ್ ನಂಬರು, ಹುಟ್ಟಿದ ದಿನಕ್ಕೆ ಶುಭಾಶಯ ಕಳಿಸಲೆಂದು ಹುಟ್ಟಿದ ದಿನಾಂಕ, ಮುಖ ಮರೆಯಬಾರದೆಂದು ಫೋಟೋ. ಅತ್ತೆ ಬಿಟ್ಟಿದ್ದ ಅಳತೆಗಳನ್ನು ಒಬ್ಬೊಬ್ಬರನ್ನೂ ಕರೆಸಿ ತೆಗೆದುಕೊಂಡಳು. ಎಲ್ಲರ ಕೊನೆಗೆ ಎಂಟು ವರ್ಷದ ಮಗಳು ಪುಟ್ಟಿಯದು. ಹಳೆಯ ಪುಸ್ತಕದ ಹಾಳೆಗಳನ್ನು ಕತ್ತರಿಸಿ ಕಾಲರಿನ ಅಚ್ಚು ಮಾಡಿಕೊಂಡಳು. ಅತ್ತೆ ಎರಡು ದಿನ ಮಾತು ಬಿಟ್ಟರು.

ಯಂತ್ರ ಬಿಸಿಯಾದಾಗ ಕೂದಲು ಸುಟ್ಟ ವಾಸನೆ ಬರುತ್ತಿತ್ತು. ಧೂಳಿರಬೇಕು ಎಂದುಕೊಂಡಳು.

ಮೊದಲು ಬಂದವರು ಸಂಗೀತದ ಮೇಡಂ. ಹೊಸ ಅಂಗಿ ಅವರ ಮೈಮೇಲೆ ಜೋಲುತ್ತಿತ್ತು. ಟೇಪು ಹಿಡಿದರೆ ಎದೆ ಮೂವತ್ತನಾಲ್ಕು. ಪರದೆಯ ಮೇಲೂ ಮೂವತ್ತನಾಲ್ಕೇ. ಆದರೆ ಅಂಗಿ ಹೊಲಿದದ್ದು ಮೂವತ್ತಾರಕ್ಕೆ, ಅವಳ ಕೈಗೆ ಅದು ಚೆನ್ನಾಗಿ ನೆನಪಿತ್ತು.

"ಏನೋ ಸುಸ್ತು ಕಣಮ್ಮ," ಎಂದರು ಮೇಡಂ. ಮೂರು ಬೀದಿಗೆ ಕೇಳುತ್ತಿದ್ದ ಅವರ ದನಿ ಅವತ್ತು ಮೇಜಿನಾಚೆಗೂ ಸರಿಯಾಗಿ ಕೇಳಲಿಲ್ಲ.

ಆಮೇಲೆ ಬೇಕರಿಯವನು ಬಂದ, ಪ್ಯಾಂಟನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು. ಆಮೇಲೆ ನರ್ಸು, ಹದಿನಾಲ್ಕೂವರೆಗೆ ಹೊಲಿದ ಅಂಗಿ ಹೆಗಲಿಂದ ಜಾರುತ್ತ. ತಂತಿಗೆ ತೂಗುಹಾಕಿದ್ದ ಬಟ್ಟೆಯೆಲ್ಲ ಒಂದೊಂದಾಗಿ ಗಿರಾಕಿಗಳ ಮೈಗೆ ದೊಡ್ಡದಾಗುತ್ತ ಹೋಯಿತು. ಪರದೆಯ ಅಂಕಿ ಮಾತ್ರ ಪ್ರತಿಸಲವೂ ಮೈಗೆ ಸರಿಯಾಗಿರುತ್ತಿತ್ತು.

ಫೋನು ಮಾಡಿದಾಗ ಮಾರಿದವನು ಗಾಬರಿಯಾದ. "ಯಾರೋ ಹೊರಗಿನಿಂದ ಒಳಗೆ ಬಂದು ತಿದ್ದುತ್ತಿದ್ದಾರೆ ಅಕ್ಕಾ. ಮೊದಲು ಇಂಟರ್‌ನೆಟ್ ವಯರು ಕಿತ್ತುಹಾಕಿ. ಪಾಸ್‌ವರ್ಡ್ ಬದಲಾಯಿಸಿ."

ಕಿತ್ತಳು. ಬದಲಾಯಿಸಿದಳು. ಮಾರನೆಯ ದಿನ ಬೆಳಿಗ್ಗೆ ಶಾಲೆಗೆ ಹೊರಟು ನಿಂತ ಪುಟ್ಟಿಯ ಲಂಗ ಜಾರಿ ಕಾಲ ಬಳಿ ಬಿತ್ತು.

ಟೈಲರಮ್ಮ ಓಡಿಹೋಗಿ ಮಗಳ ಸಾಲು ನೋಡಿದಳು. ಸೊಂಟ ಇಪ್ಪತ್ತೆರಡು ಇದ್ದದ್ದು ಹತ್ತೊಂಬತ್ತೂವರೆ. ಅವಳು ನೋಡುತ್ತಿದ್ದಂತೆಯೇ ಅದು ಹತ್ತೊಂಬತ್ತಾಯಿತು. ವಯರು ಗೋಡೆಯ ಪಕ್ಕದಲ್ಲಿ ಕಿತ್ತು ಬಿದ್ದಿತ್ತು.

ಆಗಲೇ ಅವಳಿಗೆ ಕೊನೆಯ ಸಾಲು ಕಂಡದ್ದು. ಇನ್ನೂರ ಹದಿಮೂರನೆಯದು. ಅವಳು ಬರೆದದ್ದಲ್ಲ. ಹೆಸರಿನ ಜಾಗ ಖಾಲಿ, ಫೋಟೋದ ಜಾಗ ಕಪ್ಪು. ಹೆಗಲು ಹದಿನಾಲ್ಕೂವರೆ. ಎದೆ ಮೂವತ್ತಾರು. ಸೊಂಟದ ಅಂಕಿ ಏರುತ್ತಿತ್ತು. ಪುಟ್ಟಿಯದು ಅರ್ಧ ಇಂಚು ಇಳಿದರೆ ಇದು ಅರ್ಧ ಇಂಚು ಏರುತ್ತಿತ್ತು.

ಇಪ್ಪತ್ತೆರಡು ಎಂದು ತಿದ್ದಿದಳು. ಮತ್ತೆ ಇಳಿಯಿತು. ಸಾಲನ್ನೇ ಅಳಿಸಿದಳು. ಒಳಗಿನಿಂದ ಪುಟ್ಟಿ "ಅಮ್ಮಾ" ಎಂದು ಕೂಗಿದ್ದು ನಡುವೆಯೇ ನಿಂತುಹೋಯಿತು. ನೆಲಕ್ಕೆ ಏನೋ ಬಿದ್ದ ಸದ್ದು. ತಟ್ಟನೆ ಅಳಿಸಿದ್ದನ್ನು ವಾಪಸ್ ತಂದಳು. ಮಗು ಮತ್ತೆ ಉಸಿರೆಳೆಯಿತು.

ಮಾರಿದವನು ಬಂದು ಯಂತ್ರದ ಪಕ್ಕದ ತಗಡು ಬಿಚ್ಚಿದ. ಒಳಗೆ ಬೂದಿ. ಬೂದಿಯಲ್ಲಿ ಗುಂಡುಸೂಜಿಗಳು. ಡಿಸ್ಕಿಗೆ ಸುತ್ತಿದ ಕರಿದಾರ, ದಾರದ ಜೊತೆ ಹೆಣೆದ ಯಾರದೋ ಉದ್ದ ಕೂದಲು. ಫ್ಯಾನು ನಿಂತಿತ್ತು. ಆದರೂ ಕೂದಲು ಮೆಲ್ಲಗೆ ಅಲುಗುತ್ತಿತ್ತು.

"ನಾನು ಇದನ್ನ ಮುಟ್ಟಲ್ಲ ಅಕ್ಕಾ," ಎಂದ ಅವನು, ಹಿಂದಕ್ಕೆ ಸರಿಯುತ್ತ. "ಡಿಸ್ಕು ಕಿತ್ತರೆ ಆ ಮಗು... ಅದರೊಳಗೇ ಇದಾಳಲ್ಲ ಈಗ." ಸ್ಕ್ರೂಡ್ರೈವರನ್ನು ಅಲ್ಲೇ ಬಿಟ್ಟು ಹೊರಟುಹೋದ.

ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಮಗುವಿನ ಮಣಿಕಟ್ಟು ಅವರ ಎರಡು ಬೆರಳಿನಷ್ಟೂ ದಪ್ಪವಿರಲಿಲ್ಲ. "ಹೆಸರನ್ನೂ ಅಳತೆಯನ್ನೂ ಬೇರೆ ಮಾಡೇ!" ಎಂದು ಕೂಗಿದರು. "ಹೆಸರು ತೆಗಿ! ಬೇಗ!"

ಹೆಸರು ಅಳಿಸಿದಳು. ಕೆಂಪು ಅಕ್ಷರ ಬಂತು: ಈ ಜಾಗ ಖಾಲಿ ಇರುವಂತಿಲ್ಲ. ಬಾಯಿಗೆ ಬಂದ ಸುಳ್ಳು ಹೆಸರೊಂದನ್ನು ಹಾಕಿದಳು. ಅದು ತಾನಾಗಿ ಅಳಿಸಿಹೋಗಿ ಪುಟ್ಟಿಯ ಹೆಸರು ಮರಳಿತು. ಇನ್ನೊಂದು ಹಾಕಿದಳು. ಅದೂ ಹೋಯಿತು. ಸೊಂಟ ಹದಿನೇಳು. ಕೂದಲು ಸುಟ್ಟ ವಾಸನೆ ಗಂಟಲಿಗೆ ಅಡರಿತು. ಹದಿನಾರೂವರೆ. ದೀಪ ಮಿಣುಕಿತು. ಹದಿನಾರು.

"ಉಸಿರು ಸಿಗ್ತಿಲ್ಲ ಕಣೇ ಮಗೂಗೆ!"

ಅದಕ್ಕೆ ನಿಜವಾದ ಹೆಸರೇ ಬೇಕು. ಬೇರೆ ಯಾರ ಹೆಸರು ಬರೆಯಲಿ? ಯಾರದನ್ನು ಬರೆದರೂ ಅವರ ಮನೆಯಲ್ಲೊಂದು ಜೀವ ಹೋಗುತ್ತದೆ. ಟೈಲರಮ್ಮ ಹೆಚ್ಚು ಯೋಚಿಸಲಿಲ್ಲ. ಮಗಳ ಹೆಸರಿನ ಮೇಲೆ ತನ್ನದನ್ನು ಬರೆದಳು. ವರ್ಷಗಳಿಂದ ಯಾರೂ ಕರೆಯದ, ತನ್ನ ತಾಯಿ ಇಟ್ಟಿದ್ದ ಹೆಸರು.

ಅದು ಅಳಿಸಿಹೋಗಲಿಲ್ಲ.

ಅಂಕಿಗಳು ನಿಂತವು. ಮಗಳ ಸಾಲು ಸದ್ದಿಲ್ಲದೆ ಮಾಯವಾಯಿತು. ಒಳಗೆ ಪುಟ್ಟಿ ಜೋರಾಗಿ ಕೆಮ್ಮಿತು, ಅತ್ತಿತು, ನೀರು ಕೇಳಿತು. ಆ ಅಳು ಕೇಳಿ ಟೈಲರಮ್ಮ ಮೇಜಿಗೆ ತಲೆಯಿಟ್ಟು ಬಿಕ್ಕಿದಳು. ಇಷ್ಟು ಸುಖ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ತಲೆಯೆತ್ತಿದಾಗ ಇನ್ನೂರ ಹದಿಮೂರನೆಯ ಸಾಲಿನಲ್ಲಿ ಅವಳದೇ ಹೆಸರು ತುಂಬಿತ್ತು. ಮಿಕ್ಕವರ ಹೆಸರನ್ನೆಲ್ಲ ಅವರ ಒಪ್ಪಿಗೆ ಕೇಳದೆ ಅವಳು ಕೊಟ್ಟಿದ್ದಳು. ಇದೊಂದನ್ನು ಮಾತ್ರ ಆ ಹೆಸರಿನವಳೇ ಕೈಯಾರೆ ಕೊಟ್ಟಿದ್ದಳು. ಪರದೆ ಕಪ್ಪಾಯಿತು.

ಬಾಗಿಲ ಗಂಟೆ ಸದ್ದು ಮಾಡಿತು.

ಬಿಸಿಲಿಗೆ ಬೆನ್ನು ಮಾಡಿ ಒಬ್ಬ ಹೆಂಗಸು ನಿಂತಿದ್ದಳು. ಮುಖ ಸರಿಯಾಗಿ ಕಾಣಲಿಲ್ಲ. "ಒಂದು ಅಂಗಿ ಹೊಲೀಬೇಕಿತ್ತು," ಎಂದಳು. ದನಿ ಮೂರು ಬೀದಿಗೆ ಕೇಳುವಷ್ಟು ತುಂಬಿತ್ತು.

ಟೈಲರಮ್ಮನ ಕೈ ತಾನಾಗಿ ಟೇಪು ಹಿಡಿಯಿತು. ಹೆಗಲು ಹದಿನಾಲ್ಕೂವರೆ. ನರ್ಸಿನದು. ಎದೆ ಮೂವತ್ತಾರು. ಮೇಡಂದು. ಸೊಂಟಕ್ಕೆ ಟೇಪು ಸುತ್ತುವಾಗ ಬೆರಳಿಗೆ ಬಿಸಿ ತಾಗಿತು. ಮೈಯಲ್ಲಿ ಮನುಷ್ಯರ ಬಿಸಿ ಇರಲಿಲ್ಲ. ಬಹಳ ಹೊತ್ತು ಓಡಿದ ಯಂತ್ರದ ಬಿಸಿ. ಓಡಬೇಕು. ಕೂಗಬೇಕು. ಬಾಯಿಗೆ ಬಂದದ್ದು ಅಭ್ಯಾಸದ ಮಾತು.

"ಹೆಸರು?"

ಹೆಂಗಸು ಹೇಳಿದಳು. ಚೆಂದದ ಹೆಸರು. ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ? ಯಾರದು? ಟೈಲರಮ್ಮ ತನ್ನ ಹೆಸರನ್ನು ನೆನಪಿಸಿಕೊಳ್ಳಲು ಹೋದಳು. ಸಿಗಲಿಲ್ಲ. ಮತ್ತೆ ತಡಕಿದಳು. ಆ ಜಾಗ ಖಾಲಿ.

ಒಳಬಾಗಿಲ ಪರದೆ ಸರಿಸಿಕೊಂಡು ಪುಟ್ಟಿ ಓಡಿಬಂತು. ಕೆನ್ನೆ ತುಂಬಿತ್ತು, ಲಂಗ ಸೊಂಟದಲ್ಲಿ ಗಟ್ಟಿಯಾಗಿ ನಿಂತಿತ್ತು.

"ಅಮ್ಮಾ!"

ಅವಳು ಕೈ ಚಾಚಿದಳು. ಮಗು ಆ ಕೈಗಳ ಪಕ್ಕದಲ್ಲೇ ನುಸುಳಿಹೋಗಿ ಬಂದಿದ್ದವಳ ಸೊಂಟ ತಬ್ಬಿಕೊಂಡಿತು. "ಅಮ್ಮಾ, ಹಸಿವು." ಬಂದದ್ದು ಮಗುವಿನ ತಲೆ ಸವರಿತು. ಎತ್ತಿಕೊಂಡಿತು. ಒಳಗೆ ನಡೆಯಿತು. ಬಾಗಿಲಲ್ಲಿ ಒಮ್ಮೆ ತಿರುಗಿದಾಗ ಬೆಳಕು ಮುಖಕ್ಕೆ ಬಿತ್ತು. ಕನ್ನಡಿಯಲ್ಲಿ ಟೈಲರಮ್ಮ ದಿನವೂ ನೋಡುತ್ತಿದ್ದ ಮುಖವೇ ಅದು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಮುಂದಿನ ಕೋಣೆಗೆ ಬಂದರು. ಅವರ ಕೈಯಲ್ಲಿ ಹೊಸ ಅಳತೆ ಪುಸ್ತಕವಿತ್ತು.

"ಏನಾಗಬೇಕಿತ್ತಮ್ಮ ನಿಮಗೆ?"

"ಅತ್ತೇ, ನಾನು..." ಎಂದಳು. "ನಾನು..." ಅದರ ಮುಂದೆ ಹಾಕಲು ಅವಳ ಬಳಿ ಏನೂ ಉಳಿದಿರಲಿಲ್ಲ. ಒಳಗೆ ಮಗು ನಗುತ್ತಿತ್ತು. ನಿಂತಲ್ಲೇ ಕುಸಿದು ಅಳತೊಡಗಿದಳು.

ಅತ್ತೆಗೆ ಪಾಪ ಅನಿಸಿತು. ಸ್ಟೂಲು ಎಳೆದುಕೊಟ್ಟರು. "ಅಳಬೇಡಿ. ಹೆಸರು ಹೇಳೋಕೆ ಇಷ್ಟ ಇಲ್ಲದಿದ್ರೆ ಬೇಡ ಬಿಡಿ. ನಮ್ಮಲ್ಲಿ ಹೆಸರು ಬರ್ಕೊಳ್ಳಲ್ಲ."

ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿ, ಪುಸ್ತಕದ ಮೊದಲ ಸಾಲಿನಲ್ಲಿ ನಿಧಾನವಾಗಿ ಬರೆದುಕೊಂಡರು: ಅಳುವ ಹೆಂಗಸು.