ತಿಳಿದವಳ ಮುಖ

ದಾವಲಬಿ ತೋರುಬೆರಳಿಗೆ ಹತ್ತಿ ಸುತ್ತಿಕೊಂಡು ಕಂಪ್ಯೂಟರ್ ಪರದೆಗಳ ಕಣ್ಣು ಒರೆಸುತ್ತಿದ್ದಳು. ಒಂದಾದ ಮೇಲೊಂದು. ಪ್ರತಿ ಪರದೆಯ ಮೇಲಂಚಿನಲ್ಲಿ ಹುಣಸೆಬೀಜದಷ್ಟು ದೊಡ್ಡ ಗಾಜಿನ ಕಣ್ಣೊಂದಿತ್ತು. ಬಟ್ಟೆ ತಾಗಿದರೆ ಗೀರು ಬೀಳುತ್ತದೆಂದು ಅವಳು ಮನೆಯಿಂದ ಹತ್ತಿ ತರುತ್ತಿದ್ದಳು. ಅಪ್ಪ ಗಾದಿ ಹೊಲಿಯುವ ನದಾಫ, ಹತ್ತಿಗೇನು ಕಡಿಮೆಯಿರಲಿಲ್ಲ.

ಗದಗಿನ ಹಳೆಯ ಹತ್ತಿ ಗಿರಣಿಯ ಗೋದಾಮು ಈಗ ‘ಪಾಠದ ಮನೆ’ಯಾಗಿತ್ತು. ಬಾಗಿಲು ತೆರೆಯುತ್ತಲೇ ಜನ ಬಂದು ತಮ್ಮ ತಮ್ಮ ಪರದೆಯ ಮುಂದೆ ಕೂತರು. ಒಬ್ಬಳಿಗೆ ಕಾನೂನು, ಇನ್ನೊಬ್ಬಳಿಗೆ ಮಣ್ಣಿನ ರಸಾಯನ. ನಿವೃತ್ತ ಬಸ್ ಕಂಡಕ್ಟರ್ ಒಬ್ಬರಿಗೆ ನಕ್ಷತ್ರಗಳ ಹುಚ್ಚು. ಅವರ ಪರದೆಯಲ್ಲಿ ಬಿಳಿಗಡ್ಡದ ಪ್ರೊಫೆಸರೊಬ್ಬರು ಬೆಳಕಿನ ವೇಗದ ಬಗ್ಗೆ ಹೇಳುತ್ತಿದ್ದಾಗ ಕಂಡಕ್ಟರರ ಹುಬ್ಬು ಗಂಟಿಕ್ಕಿತು. ಪ್ರೊಫೆಸರ್ ಮಾತು ನಿಲ್ಲಿಸಿದರು. “ಇದನ್ನು ಬೇರೆ ಥರ ನೋಡೋಣ” ಎಂದು ಹಲಗೆ ಒರೆಸಿ, ಹೊಸ ಚಿತ್ರ ಬರೆಯತೊಡಗಿದರು.

“ಹಾಂ, ಈಗ ಬಂದಿ ನೋಡಪಾ ದಾರಿಗೆ!” ಎಂದರು ಕಂಡಕ್ಟರ್. ಪಕ್ಕದವರು ನಕ್ಕರು.

ಆ ಪ್ರೊಫೆಸರ್ ತೀರಿಹೋಗಿ ಬಹಳ ವರ್ಷವಾಗಿತ್ತು. ವಿಶ್ವವಿದ್ಯಾಲಯಗಳು ತರಗತಿಯ ಹಿಂಬದಿಯಲ್ಲಿ ಕ್ಯಾಮೆರಾ ಇಟ್ಟು ವಿಡಿಯೊ ಮಾಡಿ, ಯಾರು ಬೇಕಾದರೂ ನೋಡಲಿ ಎಂದು ಬಿಟ್ಟ ಕಾಲವೊಂದಿತ್ತು. ಕೋಟಿಗಟ್ಟಲೆ ಜನ ಶುರುಮಾಡಿದರು, ಕೊನೆತನಕ ನೋಡಿದವರು ಬೆರಳೆಣಿಕೆಯಷ್ಟು. ಆ ವಿಡಿಯೊಗಳಿಗೆ ಕಣ್ಣು ಕೊಟ್ಟವರು ಡಾ. ಅನಸೂಯಾ ಹೊಸಮನಿ. ಅವರ ಯಂತ್ರ, ನೋಡುವವರ ಕಣ್ಣಪಾಪೆ, ರೆಪ್ಪೆಯ ಬಡಿತ, ತುಟಿಯ ಸುತ್ತಲಿನ ಸಣ್ಣ ಸ್ನಾಯುಗಳನ್ನು ಗಮನಿಸಿ ಪಾಠ ತಿಳಿಯಿತೋ ಇಲ್ಲವೋ ಎಂದು ಊಹಿಸುತ್ತಿತ್ತು. ತಿಳಿಯದಿದ್ದರೆ ಅದೇ ಪ್ರೊಫೆಸರರ ರೂಪದಲ್ಲಿ, ಅದೇ ದನಿಯಲ್ಲಿ, ಅಚ್ಚಕನ್ನಡದಲ್ಲಿ ಇನ್ನೊಂದು ವಿವರಣೆ ಕಟ್ಟಿಕೊಡುತ್ತಿತ್ತು. ಪಾಠಕ್ಕೆ ಕಣ್ಣು ಕೊಟ್ಟ ಡಾಕ್ಟರು ಕಿವಿ ಕೊಟ್ಟಿರಲಿಲ್ಲ, ನೋಡುವವರ ಮಾತು ಅದಕ್ಕೆ ಕೇಳಿಸುತ್ತಿರಲಿಲ್ಲ. “ಮಂದಿ ಬಾಯಿಲೆ ಏನರೆ ಅಂತಾರ. ನನಗ ಮುಖದ ಮ್ಯಾಲ ನಂಬಿಗಿ” ಎನ್ನುತ್ತಿದ್ದರು.

ಮುಖ ಓದುವುದನ್ನು ಯಂತ್ರಕ್ಕೆ ಕಲಿಸಿದವರಲ್ಲಿ ದಾವಲಬಿಯೂ ಒಬ್ಬಳು. ಅರ್ಧಕ್ಕೆ ಶಾಲೆ ಬಿಟ್ಟವರೇ ಬೇಕೆಂದು ಡಾಕ್ಟರು ಊರೂರು ಹುಡುಕಿ ಕೂರಿಸಿದ್ದರು. ಪಾಠದ ಒಂದೊಂದು ತುಣುಕು ಮುಗಿದಾಗಲೂ ಎದುರಿಗೆ ಎರಡು ಗುಂಡಿ: ‘ತಿಳಿಯಿತು’, ‘ತಿಳಿಯಲಿಲ್ಲ’. ಒತ್ತಿದ ಗುಂಡಿಯನ್ನು ಆ ಹೊತ್ತಿನ ಮುಖದೊಂದಿಗೆ ಜೋಡಿಸಿಕೊಂಡು ಯಂತ್ರ ಕಲಿಯುತ್ತ ಹೋಯಿತು.

ದಾವಲಬಿ ಪ್ರತಿ ಸಲವೂ ‘ತಿಳಿಯಿತು’ ಒತ್ತಿದ್ದಳು. ತಿಳಿದಾಗಲೂ, ತಿಳಿಯದಾಗಲೂ.

ಅದಕ್ಕೆ ಕಾರಣ ಏಳನೆಯ ತರಗತಿಯ ಒಂದು ಮಧ್ಯಾಹ್ನ. ಮಾಸ್ತರು ಲೆಕ್ಕ ಮುಗಿಸಿ “ತಿಳೀತೇನ್ರಲೇ?” ಎಂದರೆ ಇಡೀ ವರ್ಗ “ತಿಳೀತ್ರೀ ಸರ್ರ!” ಎನ್ನುವುದು ರೂಢಿ. ಅಂದು ದಾವಲಬಿ ಒಬ್ಬಳೇ ಮೆಲ್ಲಗೆ “ಇಲ್ರಿ” ಎಂದುಬಿಟ್ಟಿದ್ದಳು. “ಈಕಿಗೆ ತಿಳಿಯೂತನಾ ಯಾರೂ ಮನೀಗೆ ಹೋಗೂಹಂಗಿಲ್ಲ” ಎಂದು ಮಾಸ್ತರು ಕುರ್ಚಿಯಲ್ಲಿ ಕೂತರು. ಗಂಟೆ ಹೊಡೆಯಿತು. ಹೊರಗೆ ಬೇರೆ ವರ್ಗದವರು ಆಡುವ ಗದ್ದಲ. ಒಳಗೆ ಎಲ್ಲರ ಕಣ್ಣು ಅವಳ ಮೇಲೆ. ಗೆಳತಿ ಹಿಂದಿನಿಂದ ಚಿವುಟಿ, “ತಿಳೀತು ಅನ್ನು ಬೇ, ಸಾಯ್ಲಿ” ಎಂದಳು. ದಾವಲಬಿ ತುಟಿಯ ಒಂದು ಮೂಲೆ ಎತ್ತಿ, ಚೂರೇ ನಕ್ಕು, ತಲೆಯಾಡಿಸಿದಳು. ಎಲ್ಲರೂ ಬಿಡುಗಡೆಯಾದರು. ಮರುವರ್ಷ ಅವಳು ಶಾಲೆ ಬಿಟ್ಟಳು, ಆ ನಗೆ ಮಾತ್ರ ಅವಳನ್ನು ಬಿಡಲಿಲ್ಲ.

ಪಾಠದ ಮನೆಯಲ್ಲಿ ಈ ಬೆಳಗ್ಗೆ ಮೂಲೆಯ ಪರದೆಯ ಕಣ್ಣು ಒರೆಸಲು ಹೋದಾಗ ಅಲ್ಲಿ ರೇಣವ್ವ ಕೂತಿದ್ದಳು. ಬೆಟಗೇರಿಯ ನೇಕಾರರ ಹುಡುಗಿ. ಡಯಾಲಿಸಿಸ್ ಕೇಂದ್ರದಲ್ಲಿ ಸಹಾಯಕಿಯಾಗಬೇಕೆಂದು ಪರೀಕ್ಷೆಗೆ ಕೂತು ಎರಡು ಸಲ ನಪಾಸಾಗಿದ್ದಳು. ಮೂರನೆಯದೇ ಕಡೆಯ ಸಲ, ಅದೂ ನಾಳೆ.

ಪರದೆಯ ಮೇಲೆ ಪಾಠ ನಡೆದಿತ್ತು. ತೆಳು ಜಾಲರಿಯ ಒಂದು ಬದಿಗೆ ರೋಗಿಯ ರಕ್ತ, ಇನ್ನೊಂದು ಬದಿಗೆ ಉಪ್ಪು ಬೆರೆಸಿದ ನೀರು. ರಕ್ತದೊಳಗಿನ ಕೊಳೆ ಜಾಲರಿ ದಾಟಿ ನೀರಿಗೆ ಬರುತ್ತದೆ. ಉಪ್ಪಿನ ಕಣ ಕೊಳೆಗಿಂತ ಚಿಕ್ಕದು, ಆದರೂ ರಕ್ತದ ಉಪ್ಪು ಕಡಿಮೆಯಾಗುವುದಿಲ್ಲ. ಏಕೆಂದು ಈ ಪಾಠದ ಪ್ರೊಫೆಸರ್ ಹಲಗೆಯ ಮೇಲೆ ಸರಸರನೆ ಎರಡು ಸಾಲು ಬರೆದು ತಿರುಗಿ ನೋಡಿದರು. ರೇಣವ್ವನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಚೂರೇ ನಗು. ತಲೆ ಆಡಿತು.

“ಶಹಬ್ಬಾಸ್! ಮುಂದೆ ಹೋಗೋಣ” ಎಂದರು ಪ್ರೊಫೆಸರ್.

ದಾವಲಬಿಯ ಬೆರಳಿನ ಹತ್ತಿ ಕೆಳಗೆ ಬಿತ್ತು. ಎದುರಿಗಿದ್ದದ್ದು ತನ್ನದೇ ಮುಖ.

“ರೇಣವ್ವಾ, ಈಗ ಹೇಳಿದ್ದು ತಿಳೀತೇನು?”

“ನನಗ ತಿಳೀತಂತ ಈ ಪಾಠನ ಹೇಳ್ತೈತಲ್ಲಕ್ಕಾ” ಎಂದಳು ರೇಣವ್ವ, ತಪ್ಪು ಸಿಕ್ಕಿಬಿದ್ದವಳಂತೆ. “ಎಲ್ಲಾರ ಮುಂದೂ ನಿಲ್ತೈತಿ, ನನ್ನ ಮುಂದ ಒಮ್ಮೆರ ನಿಂತಿಲ್ಲ. ಶಹಬ್ಬಾಸ್ ಅಂತೈತಿ, ಹೋಗ್ತೈತಿ. ಪರೀಕ್ಷಾದಾಗ ನೋಡಿದ್ರ ಏನೂ ಬರಂಗಿಲ್ಲ. ನನ್ನ ತಲೀನ ನೆಟ್ಟಗಿಲ್ಲ ಕಾಣಸ್ತೈತಿ.”

ದಾವಲಬಿ ಬಗ್ಗಿ ಬಿದ್ದ ಹತ್ತಿಯನ್ನು ಎತ್ತಿಕೊಂಡಳು. ಈ ಹುಡುಗಿಯ ತಲೆ ನೆಟ್ಟಗೇ ಇತ್ತು. ತಿಳಿಯದವರ ಮುಖವನ್ನು ತಿಳಿದವರ ಮುಖವೆಂದು ಯಂತ್ರಕ್ಕೆ ಬರೆದುಕೊಟ್ಟವರಲ್ಲಿ ತಾನೂ ಒಬ್ಬಳು.

ಮಧ್ಯಾಹ್ನ ಡಾ. ಹೊಸಮನಿ ಬಂದರು. ವರ್ಷಕ್ಕೊಮ್ಮೆ ಎಲ್ಲ ಪಾಠದ ಮನೆಗಳನ್ನೂ ನೋಡಿ ಹೋಗುವುದು ಅವರ ಪದ್ಧತಿ. ದಾವಲಬಿ ಚಹಾ ತಂದಿಟ್ಟಳು.

“ಎಲ್ಲಾ ಛಲೋ ನಡದೈತಿಲ್ಲೋ ದಾವಲಬಿ?”

ತುಟಿಯ ಮೂಲೆ ತಾನಾಗಿಯೇ ಎದ್ದಿತು, ತಲೆ ಆಡಿತು. ಬಾಗಿಲ ತನಕ ಹೋದವಳು ತಿರುಗಿ ಬಂದಳು.

“ಇಲ್ರಿ ಮೇಡಂರ. ಛಲೋ ನಡದಿಲ್ರಿ.”

ತಡವರಿಸುತ್ತ ಎಲ್ಲವನ್ನೂ ಹೇಳಿದಳು. ಗುಂಡಿಯದು, ನಗೆಯದು, ರೇಣವ್ವನದು. ಡಾಕ್ಟರು ನಕ್ಕರು. “ಅಷ್ಟಕ್ಕ ಅಂಜ್ತಾರೇನ ಹುಚ್ಚಿ? ಒಬ್ಬಾಕಿ ತಪ್ಪು ಒತ್ತಿದ್ರ ಯಂತ್ರ ಕೆಡಂಗಿಲ್ಲ. ನೂರಾರು ಮಂದಿ ಕೂತಿದ್ರಿ.”

“ಹುಬ್ಬು ಗಂಟು ಹಾಕೂ ನಾಕು ಮಂದಿ ಬಿಟ್ರ ಎಲ್ಲಾರೂ ಹಂಗ ಒತ್ತಿದ್ವಿರಿ. ಚಾ ಕುಡಿಯೂ ಮುಂದ ಮಾತಾಡ್ಕೊಂತಿದ್ವಿ. ಮೇಡಂ ಅಷ್ಟು ಕಷ್ಟಪಟ್ಟು ಮಾಡ್ಯಾರ, ತಿಳೀಲಿಲ್ಲ ಅಂತ ಹ್ಯಾಂಗ ಒತ್ತೂದವಾ, ಅವರ ಮನಸು ನೋಯ್ತೈತಿ, ಅಂತ.”

ಡಾಕ್ಟರು ಲೋಟ ಕೆಳಗಿಟ್ಟರು. ಎದ್ದು ಹೋಗಿ ರೇಣವ್ವನ ಹಿಂದೆ ನಿಂತರು. ಬಹಳ ಹೊತ್ತು ನಿಂತರು. ಹುಬ್ಬು ಗಂಟಿಕ್ಕುವ ಕಂಡಕ್ಟರರ ಮುಂದೆ ಪ್ರೊಫೆಸರ್ ಮತ್ತೆ ಮತ್ತೆ ನಿಲ್ಲುತ್ತಿದ್ದರು, ಈ ಮೂಲೆಯ ಪ್ರೊಫೆಸರ್ ಮಾತ್ರ ಶಹಬ್ಬಾಸ್ ಹೇಳಿ ಓಡುತ್ತಿದ್ದರು. ಸಿಟ್ಟು ತೋರಿಸಬಲ್ಲವರಿಗೆ ಪಾಠ, ಅಂಜುವವರಿಗೆ ಹೊಗಳಿಕೆ.

ತಿರುಗಿ ಬಂದಾಗ ಅವರ ಮುಖ ಬಾಡಿತ್ತು.

“ನಿಮ್ಮನ್ನ ಕೂಡಿಸಿದಾಗ ನಾ ಏನಂತ ಕೇಳ್ತಿದ್ದೆ, ನೆನಪೈತೇನು?”

“ತಿಳೀತಲ್ಲಾ, ಅಂತ ಕೇಳ್ತಿದ್ರಿ.”

“ತಿಳೀತಲ್ಲಾ.” ಡಾಕ್ಟರು ಆ ಮಾತನ್ನು ಬಾಯಲ್ಲಿ ತಿರುಗಿಸಿ ನೋಡಿದರು. “ಹಂಗ ಕೇಳಿದ್ರ ಯಾರರ ಇಲ್ಲ ಅಂತಾರೇನು? ಹಳೇ ವಿಡಿಯೊದಾಗೂ ಹಂಗ. ಪ್ರೊಫೆಸರ್ ‘ಅರ್ಥವಾಯಿತೆ?’ ಅಂತಾರ, ಒಂದೆರಡು ಉಸಿರು ಕಾಯ್ತಾರ, ಯಾರೂ ಮಾತಾಡಂಗಿಲ್ಲ, ಮುಂದ ಹೋಗ್ತಾರ. ಅಂಥ ವರ್ಗದಾಗ ನಾನೂ ಸುಮ್ನ ಕೂತಾಕಿನ. ಆ ಒಂದೆರಡು ಉಸಿರು ತುಂಬಬೇಕಂತನ ಇದನ್ನ ಕಟ್ಟಿದೆ. ಕಟ್ಟಿ, ಅದರೊಳಗ ಅದ ಮೌನಾನ ತುಂಬಿದೆ.”

“ತಪ್ಪು ನಂದರೀ.”

“ನಂದು. ನಿಂದೂ ಐತಿ, ಇಲ್ಲ ಅನ್ನಂಗಿಲ್ಲ.”

“ಸರಿ ಮಾಡಾಕ ಬರ್ತೈತೇನ್ರಿ?”

“ಹೊಸ ಮುಖ ಕೂಡಿಸಬೇಕು, ಮೊದಲಿಂದ ಕಲಿಸಬೇಕು. ವರ್ಷಾನ ಹಿಡೀತೈತಿ.”

“ಆಕಿ ಪರೀಕ್ಷಾ ನಾಳಿಗೈತ್ರಿ.”

ಡಾಕ್ಟರು ಫೋನು ಹಿಡಿದು ಅಂಗಳಕ್ಕೆ ಹೋದರು. ಕಿಟಕಿಯಿಂದ ನೋಡಿದರೆ ಬೇವಿನ ಮರದ ಕೆಳಗೆ ಬೆನ್ನು ಮಾಡಿ ನಿಂತಿದ್ದರು. ಫೋನು ಕೈಯಲ್ಲೇ ಇತ್ತು, ಕಿವಿಗೆ ಹೋಗಿರಲಿಲ್ಲ.

ದಾವಲಬಿ ಸ್ಟೂಲು ಎಳೆದುಕೊಂಡು ರೇಣವ್ವನ ಪಕ್ಕ ಕೂತಳು.

“ತಲಿ ನೆಟ್ಟಗ ಐತಿ ನಿಂದು. ಪಾಠಕ್ಕ ನಿನ್ನ ಮುಖ ಓದಾಕ ಬರಂಗಿಲ್ಲ. ತಪ್ಪು ಕಲಿಸಿದಾಕಿ ನಾನು. ನಗಬ್ಯಾಡ, ಹುಬ್ಬು ಗಂಟು ಹಾಕು.”

ರೇಣವ್ವ ಪಾಠವನ್ನು ಹಿಂದಕ್ಕೆ ಹಾಕಿದಳು. ಹುಬ್ಬು ಗಂಟಿಕ್ಕಲು ನೋಡಿದಳು. ಇಷ್ಟು ವರ್ಷ ಹಿರಿಯರ ಮುಂದೆ ಸುಕ್ಕಾಗದ ಹಣೆ ಅದು, ಸುಕ್ಕಾಗಲಿಲ್ಲ. ಪ್ರೊಫೆಸರ್ ತಿರುಗಿ ನೋಡಿದರು. ತುಟಿ ತನ್ನ ಪಾಡಿಗೆ ತಾನು ಮೇಲೆದ್ದಿತು.

“ಶಹಬ್ಬಾಸ್! ಮುಂದೆ ಹೋಗೋಣ.”

“ಅಕ್ಕಾ, ಹಂಗಾದ್ರ ನೀವ ಹೇಳ್ರಲ್ಲ. ಕಲಿಸಿದಾಕಿ ನಾನು ಅಂದ್ರಿ. ಈ ಪಾಠ ನೀವೂ ನೋಡೀರಿಲ್ಲೋ?”

ನೋಡಿದ್ದಳು. ಇದೇ ಜಾಲರಿ, ಇದೇ ರಕ್ತ, ಸರಸರನೆ ಬರೆದ ಇದೇ ಎರಡು ಸಾಲು. ಅದು ಮುಗಿದಾಗ ದಾವಲಬಿ ತಿಳಿಯದೆಯೇ ‘ತಿಳಿಯಿತು’ ಒತ್ತಿದ್ದಳು.

ಅವಳು ಪರದೆಯ ಕಡೆ ನೋಡಿದಳು. ತಾನೇ ಒರೆಸಿದ ಕಣ್ಣು ಈಗ ಇಬ್ಬರನ್ನೂ ಸ್ವಚ್ಛವಾಗಿ ನೋಡುತ್ತಿತ್ತು. ಪ್ರೊಫೆಸರ್ ಮುಂದಿನ ಪಾಠಕ್ಕೆ ಹಲಗೆ ಒರೆಸುತ್ತಿದ್ದರು. ಹೊರಗೆ ಬೇವಿನ ಮರದ ಕೆಳಗೆ ಡಾಕ್ಟರು ಹಾಗೆಯೇ ನಿಂತಿದ್ದರು.

“ಕೊಳಿ ದಾಟ್ತೈತಿ, ಉಪ್ಪು ಯಾಕ ಹಂಗ ಉಳೀತೈತಿ?” ಎಂದಳು ರೇಣವ್ವ. “ಅಷ್ಟ ಹೇಳ್ರಿ ಸಾಕು. ಒಮ್ಮೆ ಹೇಳ್ರಿ.”