ಸಿಹಿನೀರು ಕುಡಿದ ಹವಳ

ಧರ್ಮಪುರದ ಮನೆಯಂಗಳದಲ್ಲಿ ನಾಗಶ್ರೀ ಮಗಳು ದೀಪಾಳ ಎರಡನೇ ಜಡೆ ಹೆಣೆಯುತ್ತಿದ್ದಾಗ ಫೋನ್ ಬಂತು. ಪ್ರಯೋಗಾಲಯದ ಜೊತೆಗಾರ ಪ್ರದೀಪ್.

"ಮೇಡಂ, ನಾಳೆ ಸಮುದ್ರ ಸುಮ್ಮನಿರುತ್ತಂತೆ. ಹವಳ ತೆಗೆಯೋ ಅನುಮತಿ ನಾಳೆ ಸಂಜೆಗೇ ಮುಗಿಯುತ್ತೆ. ಈಗ್ಲೇ ಹೊರಡ್ರಿ."

ಭಟ್ಕಳದಾಚೆಯ ಕಡಲತಳದಲ್ಲಿ ಒಂದು ಮೃದು ಹವಳವಿತ್ತು. ಅದರ ರಸಾಯನ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಯಗೊಟ್ಟಿರಲಿಲ್ಲ. ಮುಂದಿನ ಪರೀಕ್ಷೆಗೆ ತೊಟ್ಟಿಯಲ್ಲಿ ಬೆಳೆಸಲು ಜೀವಂತ ತುಣುಕು ಬೇಕು.

ಒಳಗೆ ಮಂಚದ ಮೇಲೆ ನಾಗಶ್ರೀಯ ತಾಯಿ ಗಂಗಕ್ಕ. ಮೂರನೇ ಕೀಮೋ ಮುಗಿದು ನಾಲ್ಕು ದಿನ. ದೀಪಾ ಅಜ್ಜಿಯನ್ನೊಮ್ಮೆ ನೋಡಿ, ಏನೋ ಕೇಳಲು ಬಾಯಿ ತೆರೆದು ಸುಮ್ಮನಾದಳು.

"ಏನವ್ವ?"

"ಏನಿಲ್ಲ."

ಕುರಿ ಕಾಯುವ ಜುಂಜೇಶ್, ನಾಗಶ್ರೀಯ ತಮ್ಮ, ಬೆನ್ನಿಗೆ ಬಿದ್ದ. "ದೋಣಿ ಮೇಲೆ ಹಗ್ಗ ಹಿಡಿಯಾಕೆ ನಾನೂ ಬರ್ತೀನಕ್ಕ. ಹೋಗಾಣ."

ಮರುದಿನ ಕಡಲು ಸೀಸದ ಬಣ್ಣಕ್ಕಿತ್ತು. ನಾಗಶ್ರೀ, ಪ್ರದೀಪ್ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ದೋಣಿಯಿಂದ ನೀರಿಗಿಳಿದರು. ಹದಿನೈದು ಮೀಟರ್ ಕೆಳಗೆ ಬಿಸಿಲು ಹಸಿರಾಗಿ ಸೋರುತ್ತಿತ್ತು. ಬಂಡೆಯ ಸಂದಿಯಲ್ಲಿ ಹವಳ ನೆನೆದ ತೊಗಲಿನಂತೆ ಮಡಿಕೆ ಮಡಿಕೆಯಾಗಿ ಕೂತಿತ್ತು. ಮೈತುಂಬ ಎಳೆಬೆರಳುಗಳು ಅಲುಗುತ್ತಿದ್ದವು. ನಾಗಶ್ರೀ ಹೆಬ್ಬೆರಳಷ್ಟು ಕತ್ತರಿಸಿ ದೋಣಿಗೆ ತಂದು, ಕಡಲನೀರಿನ ಡಬ್ಬಿಗೆ ಹಾಕಿ, ಸಿಲಿಂಡರ್ ಕಳಚಲು ಹೋದಳು.

ಬಂದು ನೋಡಿದರೆ ಹವಳ ಲೋಳೆ ಕಾರುತ್ತಿತ್ತು.

"ಪಾಪ, ಮುದುಡ್ಕಂಡು ಕುಂತಿತ್ತು ಕಣಕ್ಕ." ಜುಂಜೇಶ್ ಖಾಲಿ ಬಾಟಲಿ ತೋರಿಸಿದ. "ಉಪ್ಪುನೀರು ಚೆಲ್ಲಿ ನನ್ ಕುಡಿಯೋ ನೀರು ಹಾಕ್ದೆ."

ಪ್ರದೀಪ್ ತಲೆ ಹಿಡಿದುಕೊಂಡ. "ಲೇ, ಅದೇನು ನಿನ್ ಕುರಿಮರೀನಾ? ಸಿಹಿನೀರು ಅದಕ್ಕೆ ವಿಷ ಕಣೋ!"

ಜುಂಜೇಶನ ಮುಖ ಇಳಿದುಹೋಯಿತು. ಬೆಳಗಿನಿಂದ ಆ ಬಾಟಲಿಯಿಂದ ಅವನೇ ಒಂದು ಗುಟುಕು ಕುಡಿದಿರಲಿಲ್ಲ. ನಾಗಶ್ರೀಗೆ ಬೈಯಲು ಮನಸ್ಸು ಬರಲಿಲ್ಲ.

"ಇನ್ನೊಂದ್ಸಲ ಇಳೀತೀನಿ."

"ಗಾಳಿ ಎದ್ದೈತೆ ಮೇಡಂ."

"ನಾಳೆ ಅನುಮತಿ ಇರಲ್ಲ, ಪ್ರದೀಪ್." ಅವಳು ಸೊಂಟಕ್ಕೆ ಹಗ್ಗ ಬಿಗಿದಳು. "ಜುಂಜ, ಮೂರು ಸಲ ಜಗ್ಗಿದ್ರೆ ಎಳಿ. ನಿಧಾನಕ್ಕೆ."

ಎರಡು ಮುಳುಗಿನ ನಡುವಿನ ಕಡ್ಡಾಯದ ಒಂದು ಗಂಟೆ ವಿಶ್ರಾಂತಿ ಮುಗಿಯುವಷ್ಟರಲ್ಲಿ ಅಲೆಗಳು ದೋಣಿಯನ್ನು ಎತ್ತಿ ಕುಕ್ಕುತ್ತಿದ್ದವು. ಅವಳೂ ಪ್ರದೀಪನೂ ಇಳಿದರು.

ನೀರು ಕದಡಿತ್ತು. ಬಂಡೆಯನ್ನು ತಡವಿ ಹುಡುಕಿದಳು. ಕತ್ತರಿಸಿದಳು. ಡಬ್ಬಿ ಮುಚ್ಚಿದಳು.

ಸೆಳೆತ ಅವಳನ್ನು ಕಿತ್ತೆಸೆಯಿತು. ಭುಜ ಬಂಡೆಗೆ ಬಡಿಯಿತು. ಪ್ರದೀಪ್ ಕಾಣಲಿಲ್ಲ. ಹಗ್ಗ ಜಗ್ಗಿದಳು. ಒಂದು, ಎರಡು, ಮೂರು.

ಮೇಲೆ ಜುಂಜೇಶ್ ಅವಸರಪಡಲಿಲ್ಲ. ಬಾವಿಗೆ ಬಿದ್ದ ಕುರಿಯನ್ನು ಎತ್ತುವಂತೆ, ಹಗ್ಗ ಸಡಿಲಿದಾಗ ಎಳೆದ, ಬಿಗಿದಾಗ ತಡೆದ. ಅಂಗೈ ಸುಲಿದರೂ ಬಿಡಲಿಲ್ಲ. ಅವಳು ಮೇಲೆ ಬಂದಾಗ ದೋಣಿಯ ಆಚೆ ಪ್ರದೀಪ್ ಕೆಮ್ಮುತ್ತಾ ತೇಲುತ್ತಿದ್ದ.

ನಾಲ್ಕನೇ ದಿನ ಧರ್ಮಪುರಕ್ಕೆ ಪ್ರಯೋಗಾಲಯದ ವಿಡಿಯೋ ಬಂತು. ತೊಟ್ಟಿಯೊಳಗೆ ಹವಳ ಬೆರಳು ಬಿಚ್ಚಿತ್ತು. ಎಲ್ಲರೂ ಗಂಗಕ್ಕನ ಮಂಚದ ಸುತ್ತ ಸೇರಿದರು.

"ಇದು ಗಿಡವೇನೇ?"

"ಪ್ರಾಣಿ ಅವ್ವ."

"ಹಂಗಾದ್ರೆ ಇದ್ಕೇನು ಮೇವು?"

"ಮೇವು ಏನಾರ ಹಾಕ್ರಿ," ಎಂದ ಜುಂಜೇಶ್, ಬಟ್ಟೆ ಸುತ್ತಿದ ಕೈಯೆತ್ತಿ, "ನೀರು ಮಾತ್ರ ನನ್ನ ಕೇಳಬ್ಯಾಡ್ರಿ."

ಗಂಗಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು. ನಗುತ್ತಲೇ ದಣಿದು ದಿಂಬಿಗೆ ಒರಗಿದಳು.

ದೀಪಾ ಅಜ್ಜಿಯ ಕೈ ಹಿಡಿದು ಅಮ್ಮನತ್ತ ತಿರುಗಿದಳು.

"ಅಮ್ಮ, ಆ ಔಷಧಿ ಅಜ್ಜಿ ಇರೋವಾಗ್ಲೇ ಬರುತ್ತಾ?"